ಸಿಆರ್‌ಎಂನಲ್ಲಿ ಟಾಸ್ಕ್ ಹೆಸರು ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ನಮ್ಮದೊಂದು ಚಿಕ್ಕ ಆಫೀಸು. ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ ಮಾರುತ್ತೇವೆ. ಜೊತೆಗೆ ಎರಡು ಹೋಂಸ್ಟೇಗಳ ಬುಕಿಂಗ್ ನೋಡಿಕೊಳ್ಳುತ್ತೇವೆ. ಮೊದಲು ಎಲ್ಲವೂ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಇತ್ತು. ಈಗ ಸಿಆರ್‌ಎಂನಲ್ಲಿ ಇದೆ. ಗಿರಾಕಿಗಳ ವಿವರ, ಅವರ ಜೊತೆ ಆದ ಮಾತು, ಮುಂದೆ ಮಾಡಬೇಕಾದ ಕೆಲಸ (ಅದೇ ಟಾಸ್ಕ್), ಇವನ್ನೆಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್ ಅದು. ಗೋಣಿಕೊಪ್ಪ, ಸುಂಟಿಕೊಪ್ಪ, ಕುಶಾಲನಗರದ ಪರಿಚಯದವರೂ ಇದನ್ನು ಬಳಸಲು ಶುರು ಮಾಡಿದ್ದಾರೆ. ಅವರು ನನಗೆ ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಟಾಸ್ಕ್ ಹೆಸರಿನ ಬಗ್ಗೆಯೇ. ತಿದ್ದಬಹುದಾ? ತಿದ್ದಿದರೆ ಏನಾದರೂ ಅಳಿಸಿ ಹೋಗುತ್ತದಾ? ಹುಡುಕಿದರೆ ಯಾಕೆ ಸಿಗುವುದಿಲ್ಲ? ಒಬ್ಬೊಬ್ಬರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಟಾಸ್ಕ್ ಹೆಸರು ಅಂದರೆ ಯಾವುದು?

ಟಾಸ್ಕ್ ತೆರೆದಾಗ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ ಒಂದು ಸಾಲು. ಸೇಲ್ಸ್‌ಫೋರ್ಸ್, ಜೋಹೋ, ಹಬ್‌ಸ್ಪಾಟ್ ಇವೆಲ್ಲ ಬೇರೆ ಬೇರೆ ಕಂಪನಿಗಳ ಸಿಆರ್‌ಎಂಗಳು. ಸೇಲ್ಸ್‌ಫೋರ್ಸ್ ಮತ್ತು ಜೋಹೋ ಸಿಆರ್‌ಎಂನಲ್ಲಿ ಅದನ್ನು ಸಬ್ಜೆಕ್ಟ್ ಅನ್ನುತ್ತಾರೆ. ಹಬ್‌ಸ್ಪಾಟ್‌ನಲ್ಲಿ ಟೈಟಲ್ ಅನ್ನುತ್ತಾರೆ. ಬೆಳಿಗ್ಗೆ ಪಟ್ಟಿ ತೆಗೆದಾಗ ಮೊದಲು ಕಣ್ಣಿಗೆ ಬೀಳುವುದು ಈ ಸಾಲು. ಮೊಬೈಲ್‌ನ ನೋಟಿಫಿಕೇಶನ್‌ನಲ್ಲಿ ಬರುವುದೂ ಇದೇ. ಒಳಗಿನ ವಿವರವನ್ನು ತೆರೆದು ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ಈ ಒಂದು ಸಾಲಿನ ಮೇಲೆ ಇಡೀ ದಿನದ ಕೆಲಸ ನಿಂತಿರುತ್ತದೆ.

ಎಲ್ಲಿ ಒತ್ತಿದರೆ ತಿದ್ದಬಹುದು?

ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ದಾರಿ ಒಂದೇ. ಟಾಸ್ಕ್ ತೆರೆಯಿರಿ. ಎಡಿಟ್ ಬಟನ್ ಅಥವಾ ಹೆಸರಿನ ಪಕ್ಕದ ಪೆನ್ಸಿಲ್ ಗುರುತು ಒತ್ತಿ. ಹೊಸ ಹೆಸರು ಬರೆದು ಸೇವ್ ಮಾಡಿ. ಪೆನ್ಸಿಲ್ ಕಾಣದಿದ್ದರೆ ಮೌಸನ್ನು ಹೆಸರಿನ ಮೇಲೆ ಒಂದು ಕ್ಷಣ ಇಟ್ಟು ನೋಡಿ. ಕೆಲವು ಕಡೆ ಆಗ ಮಾತ್ರ ಅದು ಕಾಣಿಸುತ್ತದೆ.

ಸೇವ್ ಒತ್ತುವುದನ್ನು ಮರೆಯಬೇಡಿ. "ನಾನು ತಿದ್ದಿದ್ದೆ, ಬದಲಾಗಲೇ ಇಲ್ಲ" ಅಂತ ಬರುವ ಫೋನ್‌ಗಳಲ್ಲಿ ಸುಮಾರು ಇದಕ್ಕೇ ಸಂಬಂಧಪಟ್ಟವು.

ಹೆಸರು ತಿದ್ದಿದರೆ ಒಳಗಿನ ನೋಟ್, ಫೈಲ್, ಗಿರಾಕಿಯ ಲಿಂಕ್ ಹೋಗುತ್ತದಾ?

ಇಲ್ಲ. ಪ್ರತಿ ಟಾಸ್ಕ್‌ಗೂ ಸಾಫ್ಟ್‌ವೇರ್ ಒಳಗೊಳಗೇ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತದೆ. ಎಲ್ಲ ಕೊಂಡಿಗಳೂ ಆ ಸಂಖ್ಯೆಗೆ ಕಟ್ಟಿರುತ್ತವೆ, ಹೆಸರಿಗಲ್ಲ. ಪೇಟೆಯ ಅಂಗಡಿ ತನ್ನ ಬೋರ್ಡ್ ಬದಲಾಯಿಸಿದರೂ ಕಟ್ಟಡದ ಡೋರ್ ನಂಬರ್ ಹಾಗೆಯೇ ಇರುತ್ತದಲ್ವಾ, ಹಾಗೆ. ಧೈರ್ಯವಾಗಿ ತಿದ್ದಿ.

ಹಾಗಾದರೆ ಯಾವಾಗ ಬೇಕಾದರೂ ತಿದ್ದಬಹುದಾ?

ತಿದ್ದಲು ಆಗುತ್ತದೆ ಅನ್ನುವುದು ಬೇರೆ, ತಿದ್ದಬೇಕು ಅನ್ನುವುದು ಬೇರೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನಮ್ಮ ಆಫೀಸಿನಲ್ಲೇ ನಡೆದದ್ದು ಹೇಳುತ್ತೇನೆ. ಬೆಂಗಳೂರಿನಲ್ಲಿ ಕೆಫೆ ನಡೆಸುವ ಒಬ್ಬರು ರೊಬಸ್ಟಾ ಸ್ಯಾಂಪಲ್ ಕೇಳಿದ್ದರು. "ಸ್ಯಾಂಪಲ್ ಕಳಿಸಿ" ಅಂತ ಟಾಸ್ಕ್ ಹಾಕಿದ್ದೆವು. ಕಳಿಸುವ ಮೊದಲೇ ಅವರು ಮತ್ತೆ ಫೋನ್ ಮಾಡಿ ದರ ಕೇಳಿದರು. ಫೋನ್ ಎತ್ತಿದ ಹುಡುಗಿ ಅದೇ ಟಾಸ್ಕ್ ತೆರೆದು ಹೆಸರನ್ನು "ದರ ತಿಳಿಸಿ" ಅಂತ ಬದಲಾಯಿಸಿದಳು. ಸಂಜೆ ನಾನು ದರ ತಿಳಿಸಿ ಟಾಸ್ಕ್ ಮುಗಿಸಿದೆ. ಪಟ್ಟಿ ಖಾಲಿಯಾಯಿತು. ಸ್ಯಾಂಪಲ್ ಹೋಗಲೇ ಇಲ್ಲ. ಮೂರು ವಾರ ಕಳೆದು ನಾವೇ ಫೋನ್ ಮಾಡಿದಾಗ ಅವರು ಬೇರೆ ಕಡೆ ಕಾಫಿ ತೆಗೆದುಕೊಂಡಾಗಿತ್ತು. ತಪ್ಪು ಆ ಹುಡುಗಿಯದಲ್ಲ. ಅವಳಿಗೆ ಹೇಳಿಕೊಡಬೇಕಾದ ನಾನು ಹೇಳಿಕೊಟ್ಟಿರಲಿಲ್ಲ.

ಅವತ್ತಿನಿಂದ ನಮ್ಮಲ್ಲಿ ಒಂದೇ ನಿಯಮ. ಹೆಸರು ತಿದ್ದುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇವೆ: ಹಳೆಯ ಹೆಸರಿನಲ್ಲಿ ಇದ್ದ ಕೆಲಸ ಇನ್ನೂ ಬಾಕಿ ಇದೆಯಾ? ಬಾಕಿ ಇದ್ದರೆ, ಮತ್ತು ಹೊಸ ಹೆಸರು ಅದನ್ನೇ ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ತಿದ್ದಿ. "ಫೋನ್ ಮಾಡಿ" ಅನ್ನುವುದನ್ನು "ಫೋನ್ ಮಾಡಿ, ಮೆಣಸಿನ ದರ ಹೇಳಲು" ಅಂತ ಮಾಡುವುದು ಒಳ್ಳೆಯ ತಿದ್ದುಪಡಿ. ಹೊಸ ಹೆಸರು ಬೇರೆಯೇ ಕೆಲಸ ಹೇಳುವುದಾದರೆ ಹಳೆಯದನ್ನು ಮುಟ್ಟಬೇಡಿ. ಹೊಸ ಟಾಸ್ಕ್ ಮಾಡಿ. ಹಳೆಯ ಕೆಲಸವೇ ಬೇಡವಾಗಿದ್ದರೆ ಅದನ್ನು ರದ್ದು ಮಾಡಿ, ಯಾಕೆ ಅಂತ ಒಂದು ಸಾಲು ನೋಟ್ ಬರೆಯಿರಿ. ಹೊಸ ಟಾಸ್ಕ್ ಮಾಡಲು ಅರ್ಧ ನಿಮಿಷವೂ ಬೇಡ.

ಇನ್ನೊಂದು ಮಾತು. ಕೆಲವರು ಕೆಲಸದ ಸ್ಥಿತಿಯನ್ನೇ ಹೆಸರಿಗೆ ಸೇರಿಸುತ್ತಾರೆ. "ಸ್ಯಾಂಪಲ್ ಕಳಿಸಿ - ಪ್ಯಾಕ್ ಆಯ್ತು", ಮರುದಿನ "ಸ್ಯಾಂಪಲ್ ಕಳಿಸಿ - ಕೊರಿಯರ್‌ಗೆ ಕೊಟ್ಟಾಯ್ತು". ಇದಕ್ಕೆ ಸ್ಟೇಟಸ್ ಅಂತ ಬೇರೆ ಜಾಗ ಇದೆ. ಅಲ್ಲಿ ಹಾಕಿದರೆ ಎಷ್ಟು ಕೆಲಸ ಬಾಕಿ ಅಂತ ಒಂದೇ ಸಲಕ್ಕೆ ಎಣಿಸಬಹುದು. ಹೆಸರಿನಲ್ಲಿ ಹಾಕಿದರೆ ಒಂದೊಂದನ್ನೂ ಓದಬೇಕು.

ಒಳ್ಳೆಯ ಹೆಸರು ಹೇಗಿರಬೇಕು?

ಮಾಡಬೇಕಾದ ಕೆಲಸ ಮೊದಲು, ಆಮೇಲೆ ಯಾರಿಗೆ, ಆಮೇಲೆ ಯಾವ ವಿಷಯಕ್ಕೆ. "ಫೋನ್ ಮಾಡಿ, ಪೊನ್ನಪ್ಪ ನಾಪೋಕ್ಲು, ಮೆಣಸಿನ ದರ". ಇಷ್ಟು ಸಾಕು. ಮೊಬೈಲ್‌ನಲ್ಲಿ ಸಾಲಿನ ಮೊದಲ ಭಾಗ ಮಾತ್ರ ಕಾಣುತ್ತದೆ. ಆದ್ದರಿಂದಲೇ ಕೆಲಸದ ಹೆಸರು ಮುಂದೆ ಇರಬೇಕು.

"ಪೊನ್ನಪ್ಪ ಕಾಲ್" ಅಂತ ಮಾತ್ರ ಬರೆಯಬೇಡಿ. ನಮ್ಮ ಊರಲ್ಲಿ ಎಷ್ಟು ಪೊನ್ನಪ್ಪ, ಎಷ್ಟು ಕಾರ್ಯಪ್ಪ, ಎಷ್ಟು ಬೋಪಯ್ಯ ಇದ್ದಾರೆ ನಿಮಗೇ ಗೊತ್ತು. ಊರಲ್ಲಿ ನಾವು ಜನರನ್ನು ಮನೆ ಹೆಸರಿನಿಂದ ಗುರುತು ಹಿಡಿಯುತ್ತೇವೆ. ಸಿಆರ್‌ಎಂನಲ್ಲೂ ಹಾಗೆಯೇ ಮಾಡಿ. ಮನೆ ಹೆಸರು ಗೊತ್ತಿದ್ದರೆ ಅದನ್ನು ಸೇರಿಸಿ, ಇಲ್ಲದಿದ್ದರೆ ಊರಿನ ಹೆಸರು ಸೇರಿಸಿ.

ಚಿಕ್ಕದು ಮಾಡಿ ಬರೆಯುವುದರಲ್ಲಿ ಹುಷಾರಾಗಿರಿ. ಕಾಫಿ ವ್ಯಾಪಾರದಲ್ಲಿ ಎಪಿ ಅಂದರೆ ಅರೇಬಿಕಾ ಪಾರ್ಚ್‌ಮೆಂಟ್, ಎಸಿ ಅಂದರೆ ಅರೇಬಿಕಾ ಚೆರ್ರಿ, ಆರ್‌ಪಿ ಮತ್ತು ಆರ್‌ಸಿ ಅಂದರೆ ರೊಬಸ್ಟಾದ ಅದೇ ಎರಡು ಬಗೆ. ಆದರೆ ಅದೇ ಪಟ್ಟಿಯನ್ನು ಹೋಂಸ್ಟೇ ನೋಡುವವರೂ ಓದುತ್ತಾರೆ. "ಎಸಿ ವಿಚಾರಿಸಿದ್ದಾರೆ" ಅಂದರೆ ಅವರಿಗೆ ಅರ್ಥವಾಗುವುದು ರೂಮಿನ ಎಸಿ. ನಮ್ಮಲ್ಲಿ ಇದೇ ಗೊಂದಲದಿಂದ ಒಬ್ಬ ಕಾಫಿ ಗಿರಾಕಿಗೆ ರೂಮಿನ ಬಾಡಿಗೆ ಪಟ್ಟಿ ಹೋಯಿತು. ಈಗ ಚೆರ್ರಿ, ಪಾರ್ಚ್‌ಮೆಂಟ್ ಅಂತ ಪೂರ್ತಿ ಬರೆಯುತ್ತೇವೆ. ಲೆಕ್ಕ ಹೇಳುವಾಗಲೂ "10 ಚೀಲ" ಅಂತ ಸುಮ್ನೆ ಬಿಡುವುದಿಲ್ಲ. ತೋಟದವರಿಗೆ ಚೀಲ ಅಂದರೆ 50 ಕೆಜಿ. ಪುಡಿ ಕೊಳ್ಳುವ ಅಂಗಡಿಯವರಿಗೆ ಚೀಲದ ಅಳತೆ ಬೇರೆ ಇರಬಹುದು. "500 ಕೆಜಿ" ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ದಿನಾಂಕವನ್ನು ಹೆಸರಿಗೆ ಹಾಕಬೇಡಿ. ಅದಕ್ಕೆ ಡ್ಯೂ ಡೇಟ್ (ಕೆಲಸ ಮುಗಿಸಬೇಕಾದ ದಿನ) ಅಂತ ಬೇರೆ ಜಾಗ ಇದೆ. ಹಬ್ಬದ ಹೆಸರಂತೂ ಬೇಡ. "ಪುತ್ತರಿ ಆದ ಮೇಲೆ ಫೋನ್ ಮಾಡಿ" ಅಂತ ಬರೆದರೆ ಸಾಫ್ಟ್‌ವೇರ್‌ಗೆ ಏನೂ ತಿಳಿಯುವುದಿಲ್ಲ. ಪುತ್ತರಿಯ ದಿನ ವರ್ಷ ವರ್ಷ ಬದಲಾಗುತ್ತದೆ. ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ಗೊತ್ತು ಮಾಡುತ್ತಾರೆ. ದಿನ ಗೊತ್ತಾದ ಕೂಡಲೇ ಡ್ಯೂ ಡೇಟ್ ತುಂಬಿ. ತೋಟದವರಿಗೆ ಫೋನ್ ಮಾಡುವ ಟಾಸ್ಕ್‌ಗಳಿಗೆ ಸಮಯವನ್ನೂ ಹಾಕುವುದು ಒಳ್ಳೆಯದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲು ಹೊತ್ತು ಅವರು ಫೋನ್ ಎತ್ತುವುದು ಕಷ್ಟ. ಸಂಜೆ ಹಣ್ಣು ತೂಕ ಹಾಕಿ, ಆಳುಗಳ ಲೆಕ್ಕ ಮುಗಿಸಿದ ಮೇಲೆ ಸಿಗುತ್ತಾರೆ.

ಕನ್ನಡದಲ್ಲೇ ಹೆಸರು ಬರೆಯಬಹುದಾ?

ಬರೆಯಬಹುದು, ಬರೆಯಿರಿ. ನಮ್ಮ ಆಫೀಸಿನಲ್ಲಿ ಕೊಡವ ತಕ್ಕ್ ಮಾತಾಡುವವರು, ಅರೆಭಾಷೆ ಮಾತಾಡುವವರು, ಮನೆಯಲ್ಲಿ ಮಲಯಾಳಂ ಮಾತಾಡುವವರು ಎಲ್ಲ ಇದ್ದಾರೆ. ಎಲ್ಲರೂ ಸಲೀಸಾಗಿ ಓದುವುದು ಕನ್ನಡವನ್ನೇ. ಇಂಗ್ಲಿಷ್‌ನಲ್ಲಿ ಬರೆದಾಗ ಅರ್ಧಂಬರ್ಧ ಅರ್ಥ ಮಾಡಿಕೊಂಡು ಸುಮ್ಮನಿದ್ದವರು, ಕನ್ನಡಕ್ಕೆ ಬಂದ ಮೇಲೆ ತಾವಾಗಿಯೇ ಟಾಸ್ಕ್ ಮುಗಿಸಲು ಶುರು ಮಾಡಿದರು. ಇದು ನನಗೆ ತುಂಬಾ ಖುಷಿ ಕೊಟ್ಟ ಬದಲಾವಣೆ. ಆದರೆ ಕೆಲವು ವಿಷಯ ಗೊತ್ತಿರಬೇಕು.

ಟೈಪ್ ಮಾಡುವುದು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಒಂದೇ ಥರ ಅರ್ಥವಾಗುವ ಅಕ್ಷರ ಪದ್ಧತಿ) ಇರಬೇಕು. ಮೊಬೈಲ್ ಕೀಬೋರ್ಡ್‌ಗಳಲ್ಲಿ ಬರುವುದು ಅದೇ, ಅಲ್ಲಿ ತೊಂದರೆ ಇಲ್ಲ. ಆಫೀಸಿನ ಹಳೆಯ ಕಂಪ್ಯೂಟರ್‌ನಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ. ಆ ಫಾಂಟ್‌ಗಳು ಇಂಗ್ಲಿಷ್ ಗುರುತುಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುತ್ತವೆ, ಅಷ್ಟೇ. ಯೂನಿಕೋಡ್‌ಗೆ ಬದಲಾಯಿಸಿಕೊಂಡು ಆಮೇಲೆ ಅಂಟಿಸಿ.

ಉದ್ದದ ಮಿತಿ ನೆನಪಿರಲಿ. ಸೇಲ್ಸ್‌ಫೋರ್ಸ್‌ನ ಸಬ್ಜೆಕ್ಟ್‌ಗೆ 255 ಕ್ಯಾರೆಕ್ಟರ್ ಮಿತಿ ಇದೆ. ಕನ್ನಡದಲ್ಲಿ ಒತ್ತು, ಗುಣಿತ, ಸೊನ್ನೆ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. "ಸ್ಯಾಂಪಲ್" ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ 8. ಒಂದು ಸಾಲಿನ ಹೆಸರಿಗೆ ಇದರಿಂದ ತೊಂದರೆಯಾಗುವುದಿಲ್ಲ. ಇಡೀ ವಾಟ್ಸಾಪ್ ಮೆಸೇಜನ್ನೇ ಹೆಸರಿನ ಜಾಗಕ್ಕೆ ಅಂಟಿಸಿದರೆ ಆಗುತ್ತದೆ.

ಕನ್ನಡದ ಹೆಸರು ಹುಡುಕಿದರೆ ಸಿಗುತ್ತಿಲ್ಲ. ಯಾಕೆ?

ಹೆಚ್ಚಾಗಿ ಕಾಗುಣಿತದಿಂದ. ಒಬ್ಬರು "ಫಾಲೋ ಅಪ್" ಬರೆಯುತ್ತಾರೆ, ಇನ್ನೊಬ್ಬರು "ಫಾಲೊಅಪ್", ಮತ್ತೊಬ್ಬರು "ಫಾಲೋಅಪ್". ನಮಗೆ ಮೂರೂ ಒಂದೇ, ಹುಡುಕುವ ಯಂತ್ರಕ್ಕೆ ಮೂರೂ ಬೇರೆ. ಪುತ್ತರಿ ಮತ್ತು ಹುತ್ತರಿ, ಗೋಣಿಕೊಪ್ಪ ಮತ್ತು ಗೋಣಿಕೊಪ್ಪಲು, ಹೋಂಸ್ಟೇ ಮತ್ತು ಹೋಮ್‌ಸ್ಟೇ, ಕೊಡಗು ಮತ್ತು ಕೂರ್ಗ್, ಎಲ್ಲ ಇದೇ ಕಥೆ.

ಕಣ್ಣಿಗೆ ಕಾಣದ ಕಾರಣವೂ ಒಂದಿದೆ. "ಬಿಲ್‌ಗೆ" ಅಂತ ಬರೆಯುವಾಗ ಲ್ ಕೆಳಗೆ ಗ ಒತ್ತಾಗದಂತೆ ತಡೆಯಲು ನಡುವೆ ಕಾಣದ ಒಂದು ಗುರುತು ಸೇರುತ್ತದೆ. ಒಂದು ಕೀಬೋರ್ಡ್ ಅದನ್ನು ತಾನೇ ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಕೆಲವು ಸಾಫ್ಟ್‌ವೇರ್ ಹುಡುಕುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಆಗ ಒಂದೇ ಪದ ಎರಡು ಬೇರೆ ಪದವಾಗುತ್ತದೆ.

ನಾವು ಮಾಡಿದ ಉಪಾಯ ಸುಲಭ. ನಮ್ಮಲ್ಲಿ ಜಾಸ್ತಿ ಬಳಕೆಯಾಗುವ ಹದಿನೈದು ಇಪ್ಪತ್ತು ಪದಗಳನ್ನು ಒಂದು ಹಾಳೆಯಲ್ಲಿ ಒಂದೇ ಕಾಗುಣಿತದಲ್ಲಿ ಬರೆದು ಮೇಜಿನ ಪಕ್ಕ ಅಂಟಿಸಿದ್ದೇವೆ. "ಫಾಲೋ ಅಪ್" ಅನ್ನುವುದನ್ನು ಪೂರ್ತಿ ಬಿಟ್ಟು "ಮತ್ತೆ ಕೇಳಿ" ಅಂತ ಮಾಡಿದ್ದೇವೆ. ಅದನ್ನು ತಪ್ಪಾಗಿ ಬರೆಯುವುದು ಕಷ್ಟ.

ಹೆಸರಿನ ಜಾಗದಲ್ಲಿ ಮೊದಲೇ ಒಂದು ಪಟ್ಟಿ ಬರುತ್ತದೆ. ಅದನ್ನು ಬದಲಾಯಿಸಬಹುದಾ?

ಸೇಲ್ಸ್‌ಫೋರ್ಸ್‌ನಲ್ಲಿ ಕಾಲ್, ಸೆಂಡ್ ಲೆಟರ್, ಸೆಂಡ್ ಕೋಟ್, ಅದರ್ ಅನ್ನುವಂಥ ಆಯ್ಕೆಗಳು ಬರುತ್ತವೆ. ಅಡ್ಮಿನ್ ಆಗಿರುವವರು, ಅಂದರೆ ಸಾಫ್ಟ್‌ವೇರ್‌ನ ಸೆಟ್ಟಿಂಗ್ ನೋಡಿಕೊಳ್ಳುವವರು, ಸೆಟಪ್‌ಗೆ ಹೋಗಿ, ಆಬ್ಜೆಕ್ಟ್ ಮ್ಯಾನೇಜರ್‌ನಲ್ಲಿ ಟಾಸ್ಕ್ ತೆರೆದು, ಸಬ್ಜೆಕ್ಟ್ ಫೀಲ್ಡ್‌ನೊಳಗೆ ಈ ಪಟ್ಟಿಯನ್ನು ತಿದ್ದಬಹುದು. ಪತ್ರ ಕಳಿಸುವ ಕೆಲಸ ನಮಗಿಲ್ಲ. ಅದನ್ನು ತೆಗೆದು "ಸ್ಯಾಂಪಲ್ ಕಳಿಸಿ", "ಅಡ್ವಾನ್ಸ್ ಕೇಳಿ" ಅಂತ ಸೇರಿಸಿಕೊಂಡಿದ್ದೇವೆ.

ಪಟ್ಟಿಯಿಂದ ಆರಿಸಿದ ಮೇಲೂ ಅದೇ ಜಾಗದಲ್ಲಿ ಮುಂದಕ್ಕೆ ಟೈಪ್ ಮಾಡಬಹುದು. ಇದು ಸುಮಾರು ಜನಕ್ಕೆ ಗೊತ್ತಿಲ್ಲ. "ಸ್ಯಾಂಪಲ್ ಕಳಿಸಿ" ಆರಿಸಿ, ಪಕ್ಕದಲ್ಲಿ ಗಿರಾಕಿಯ ಹೆಸರು, ಊರು ಸೇರಿಸಿ. ಮೊದಲ ಪದ ಎಲ್ಲರದ್ದೂ ಒಂದೇ ಥರ ಇರುತ್ತದೆ, ಹುಡುಕುವುದೂ ಸುಲಭ.

ನೂರಾರು ಟಾಸ್ಕ್‌ಗಳ ಹೆಸರು ಒಟ್ಟಿಗೆ ತಿದ್ದಬೇಕು. ದಾರಿ ಇದೆಯಾ?

ಇದೆ. ಎಲ್ಲಕ್ಕೂ ಒಂದೇ ಹೆಸರು ಕೊಡುವುದಾದರೆ ಮಾಸ್ ಅಪ್‌ಡೇಟ್ ಅನ್ನುವ ಸೌಲಭ್ಯ ಹಲವು ಸಾಫ್ಟ್‌ವೇರ್‌ಗಳಲ್ಲಿ ಇದೆ. ಆದರೆ ಎಲ್ಲಕ್ಕೂ ಒಂದೇ ಹೆಸರು ಬೇಕಾಗುವುದು ಅಪರೂಪ. ಒಂದೊಂದಕ್ಕೂ ಬೇರೆ ಹೆಸರು ಬೇಕಾದರೆ ಟಾಸ್ಕ್‌ಗಳನ್ನು ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲೂ ತೆರೆಯುವ ಸರಳ ಪಟ್ಟಿ) ಆಗಿ ಹೊರಗೆ ತೆಗೆದು, ತಿದ್ದಿ, ಮತ್ತೆ ಒಳಗೆ ಹಾಕಬೇಕು.

ಹೊರಗೆ ತೆಗೆಯುವಾಗ ಗುರುತಿನ ಸಂಖ್ಯೆಯ ಕಾಲಂ ಇರಲೇಬೇಕು. ಅದಿಲ್ಲದೆ ಒಳಗೆ ಹಾಕಿದರೆ ಹಳೆಯದು ತಿದ್ದಿ ಹೋಗುವ ಬದಲು ಅಷ್ಟೂ ಹೊಸ ಟಾಸ್ಕ್‌ಗಳು ಹುಟ್ಟಿಕೊಳ್ಳಬಹುದು. ಸೇಲ್ಸ್‌ಫೋರ್ಸ್‌ನ ಸಂಖ್ಯೆ 15 ಅಥವಾ 18 ಅಕ್ಷರದ್ದಾಗಿರುತ್ತದೆ. 15ರದ್ದರಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಬೇರೆ ಬೇರೆ ಅಂತ ಲೆಕ್ಕ. ಎರಡು ಪಟ್ಟಿ ಹೊಂದಿಸಲು ಬಳಸುವ ಎಕ್ಸೆಲ್‌ನ ವಿ-ಲುಕಪ್ ಸೂತ್ರ ಆ ವ್ಯತ್ಯಾಸ ನೋಡುವುದಿಲ್ಲ. ಎರಡು ಬೇರೆ ಟಾಸ್ಕ್‌ಗಳನ್ನು ಒಂದೇ ಅಂದುಕೊಳ್ಳಬಹುದು. ಆದ್ದರಿಂದ 18ರದ್ದನ್ನೇ ಬಳಸಿ.

ಕನ್ನಡ ಇರುವ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣಬಹುದು. ಗಾಬರಿಯಾಗಬೇಡಿ. ಸೇವ್ ಮಾತ್ರ ಮಾಡಬೇಡಿ, ಹಾಗೆಯೇ ಮುಚ್ಚಿ. ಡೇಟಾ ಮೆನುವಿನಿಂದ ಯುಟಿಎಫ್-8 (ಯೂನಿಕೋಡ್ ಅಕ್ಷರ ಉಳಿಸುವ ಬಗೆ) ಆರಿಸಿ ತೆರೆಯಿರಿ, ಅಥವಾ ಗೂಗಲ್ ಶೀಟ್ಸ್‌ನಲ್ಲಿ ತೆರೆಯಿರಿ. ಉಳಿಸುವಾಗಲೂ ಸಿಎಸ್‌ವಿ ಯುಟಿಎಫ್-8 ಅನ್ನುವುದನ್ನೇ ಆರಿಸಿ.

ಮೊದಲು ಐದು ಟಾಸ್ಕ್ ಮಾತ್ರ ಹಾಕಿ ನೋಡಿ. ಸರಿ ಬಂದರೆ ಉಳಿದದ್ದು ಹಾಕಿ. ತಿದ್ದುವ ಮೊದಲಿನ ಫೈಲನ್ನು ಬೇರೆ ಹೆಸರಿನಲ್ಲಿ ಎತ್ತಿಡಿ.

ನೆಟ್‌ವರ್ಕ್ ಇಲ್ಲದ ಕಡೆ ತಿದ್ದಿದರೆ ಏನಾಗುತ್ತದೆ?

ಇದು ನಮ್ಮ ಜಿಲ್ಲೆಯ ಪ್ರಶ್ನೆ. ಭಾಗಮಂಡಲದ ಕಡೆ, ಗಾಳಿಬೀಡಿನ ಕಡೆ ಹೋದರೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಜೂನ್‌ನಿಂದ ಮಳೆ ಜೋರಾದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಕರೆಂಟಿನ ಹಿಂದೆ ಟವರೂ ಹೋಗುತ್ತದೆ.

ಆಫ್‌ಲೈನ್ ಸೌಲಭ್ಯ ಇರುವ ಆ್ಯಪ್ ಆದರೆ ನೀವು ತಿದ್ದಿದ್ದು ಫೋನಿನಲ್ಲಿ ಉಳಿದು, ನೆಟ್‌ವರ್ಕ್ ಬಂದಾಗ ಮೇಲೆ ಹೋಗುತ್ತದೆ. ತೊಂದರೆ ಇರುವುದು ಅದೇ ಟಾಸ್ಕನ್ನು ಅಷ್ಟರಲ್ಲಿ ಆಫೀಸಿನಲ್ಲಿ ಇನ್ನೊಬ್ಬರು ತಿದ್ದಿದ್ದರೆ. ಆಗ ಕೊನೆಗೆ ತಲುಪಿದ್ದೇ ಉಳಿಯಬಹುದು. ನೀವು ಬೆಳಿಗ್ಗೆ ತಿದ್ದಿದ ಹೆಸರು ಸಂಜೆ ತಲುಪಿ, ಮಧ್ಯಾಹ್ನ ಅವರು ಬರೆದ ಸರಿಯಾದ ಹೆಸರನ್ನು ಅಳಿಸಬಹುದು.

ಅದಕ್ಕೇ ತೋಟಗಳ ಕಡೆ ಹೋಗುವವರಿಗೆ ನಾವು ಹೇಳಿರುವುದು ಇಷ್ಟು: ಹೆಸರು ಮುಟ್ಟಬೇಡಿ, ಹೊಸ ನೋಟ್ ಸೇರಿಸಿ. ನೋಟ್ ಸೇರಿಸಿದರೆ ಇನ್ನೊಬ್ಬರು ಬರೆದದ್ದು ಅಳಿಯುವುದಿಲ್ಲ. ಹೆಸರು ತಿದ್ದುವುದನ್ನು ಆಫೀಸಿಗೆ ಬಂದು ಮಾಡಿ.

ಹೆಸರು ತಿದ್ದಿದ ಮೇಲೆ ರಿಪೋರ್ಟ್‌ನಲ್ಲಿ ಟಾಸ್ಕ್ ಕಾಣುತ್ತಿಲ್ಲ.

ಆ ರಿಪೋರ್ಟ್‌ನ ಫಿಲ್ಟರ್ ಹೆಸರಿನ ಪದವನ್ನೇ ನೋಡುತ್ತಿರಬೇಕು. "ಹೆಸರಿನಲ್ಲಿ ಸ್ಯಾಂಪಲ್ ಅಂತ ಇರುವ ಟಾಸ್ಕ್‌ಗಳು" ಅಂತ ಫಿಲ್ಟರ್ ಇದ್ದು, ನೀವು ಆ ಪದ ತೆಗೆದರೆ ಟಾಸ್ಕ್ ಅಲ್ಲಿಂದ ಹೊರಗೆ ಬೀಳುತ್ತದೆ. ತಾನಾಗಿ ಮೆಸೇಜ್ ಹೋಗುವಂತೆ ಮಾಡಿದ ಆಟೊಮೇಶನ್‌ಗಳೂ ಹೀಗೆಯೇ ನಿಲ್ಲುತ್ತವೆ. ಫಿಲ್ಟರನ್ನು ಟಾಸ್ಕ್‌ನ ಟೈಪ್ ಅಥವಾ ಸ್ಟೇಟಸ್ ಮೇಲೆ ಕಟ್ಟಿ. ಹೆಸರು ಮನುಷ್ಯರು ಓದುವುದಕ್ಕೆ ಇರಲಿ.

ಪ್ರತಿ ತಿಂಗಳು ಬರುವ ಟಾಸ್ಕ್‌ನ ಹೆಸರು ತಿದ್ದಿದರೆ ಎಲ್ಲ ತಿಂಗಳದ್ದೂ ಬದಲಾಗುತ್ತದಾ?

ಸಾಫ್ಟ್‌ವೇರ್ ಮೇಲೆ ಹೋಗುತ್ತದೆ. ಕೆಲವು "ಇದೊಂದೇನಾ, ಎಲ್ಲವೂನಾ" ಅಂತ ಕೇಳುತ್ತವೆ. ಕೇಳದಿದ್ದರೆ ಒಂದನ್ನು ತಿದ್ದಿ, ಮುಂದಿನ ತಿಂಗಳದ್ದನ್ನು ತೆರೆದು ನೋಡಿ.

ಎಡಿಟ್ ಬಟನ್ನೇ ಕಾಣುತ್ತಿಲ್ಲ.

ಹೆಚ್ಚಾಗಿ ನಿಮಗೆ ಅನುಮತಿ ಇರುವುದಿಲ್ಲ. ಟಾಸ್ಕ್ ನೋಡಲು ಒಂದು ಅನುಮತಿ, ತಿದ್ದಲು ಇನ್ನೊಂದು. ಅಡ್ಮಿನ್‌ಗೆ ಹೇಳಿ. ಅವರ ಲಾಗಿನ್ ಪಾಸ್‌ವರ್ಡ್ ಕೇಳಿ ಪಡೆದು ತಿದ್ದಬೇಡಿ. ಹಾಗೆ ಮಾಡಿದರೆ ಯಾರು ತಿದ್ದಿದರು ಅನ್ನುವ ದಾಖಲೆಯೇ ಸುಳ್ಳಾಗುತ್ತದೆ.

ತಪ್ಪಾಗಿ ತಿದ್ದಿಬಿಟ್ಟೆ. ಹಳೆಯ ಹೆಸರು ವಾಪಸ್ ಬರುತ್ತದಾ?

ಸೇವ್ ಮಾಡಿದ ಮೇಲೆ ಅನ್‌ಡೂ ಇರುವುದು ಕಡಿಮೆ. ಹಿಸ್ಟರಿ ಟ್ರ್ಯಾಕಿಂಗ್ ಇದ್ದರೆ ಹಳೆಯ ಹೆಸರು, ತಿದ್ದಿದವರು, ಸಮಯ ಎಲ್ಲ ಅಲ್ಲಿ ಸಿಗುತ್ತದೆ. ಆದರೆ ಅದನ್ನು ಆನ್ ಮಾಡಿದ ಮೇಲಿನ ಬದಲಾವಣೆಗಳು ಮಾತ್ರ ದಾಖಲಾಗುತ್ತವೆ. ಇವತ್ತೇ ನೋಡಿ, ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಹಳೆಯ ನೋಟಿಫಿಕೇಶನ್ ಇಮೇಲ್ ಹುಡುಕಿ. ಟಾಸ್ಕ್ ಹಂಚಿದಾಗ ಹೋದ ಇಮೇಲ್‌ನಲ್ಲಿ ಮೊದಲಿನ ಹೆಸರು ಇರುತ್ತದೆ. ನಾವು ಎರಡು ಸಲ ಹೀಗೆಯೇ ಕಂಡುಹಿಡಿದಿದ್ದೇವೆ.

ಅನುಕೂಲಕ್ಕೆ ಅಂತ ಫೋನ್ ನಂಬರನ್ನು ಹೆಸರಿನಲ್ಲೇ ಹಾಕಬಹುದಾ?

ಬೇಡ. ಹೆಸರು ಫೋನಿನ ಲಾಕ್ ಸ್ಕ್ರೀನ್ ಮೇಲೆ ಬರುತ್ತದೆ. ಕ್ಯಾಲೆಂಡರ್‌ಗೆ ಜೋಡಿಸಿದ್ದರೆ ಅಲ್ಲೂ ಕಾಣುತ್ತದೆ. ಹೋಂಸ್ಟೇ ನಡೆಸುವವರು ಅತಿಥಿಗಳ ಆಧಾರ್, ವಿದೇಶದವರಾದರೆ ಪಾಸ್‌ಪೋರ್ಟ್ ವಿವರ ಇಟ್ಟುಕೊಂಡಿರುತ್ತೀರಿ. ಅವು ಯಾವುದೂ ಟಾಸ್ಕ್ ಹೆಸರಿನಲ್ಲಿ ಬರಬಾರದು. ಜನರ ವೈಯಕ್ತಿಕ ಮಾಹಿತಿಯನ್ನು ಕಾಪಾಡಲು ನಮ್ಮ ದೇಶದಲ್ಲಿ 2023ರಲ್ಲಿ ಕಾನೂನೇ ಬಂದಿದೆ. ಕಾನೂನು ಇರಲಿ ಬಿಡಲಿ, ನಮ್ಮನ್ನು ನಂಬಿ ಕೊಟ್ಟ ನಂಬರ್ ಅದು.

"ದುಡ್ಡು ಕೊಡುವುದಿಲ್ಲ", "ಜಗಳಗಂಟ" ಅಂತ ಗಿರಾಕಿಯ ಬಗ್ಗೆ ಬರೆಯುವುದೂ ಬೇಡ. ಅವರು ಎದುರಿಗೆ ಕೂತಿರುವಾಗಲೇ ಪರದೆಯ ಮೇಲೆ ಅದು ಬರಬಹುದು. ಬಾಕಿ ಎಷ್ಟು, ಯಾವಾಗ ಕೇಳಬೇಕು, ಅಷ್ಟನ್ನೇ ಬರೆಯಿರಿ.

ಮುಗಿದ ಟಾಸ್ಕ್‌ನ ಹೆಸರು ತಿದ್ದಬಹುದಾ?

ಕಾಗುಣಿತದ ತಪ್ಪು ಇದ್ದರೆ ತಿದ್ದಿ. ಬೇರೇನನ್ನೂ ಮುಟ್ಟಬೇಡಿ. ಅದು ನಡೆದು ಹೋದ ಕೆಲಸದ ದಾಖಲೆ. ಮುಂದಿನ ವರ್ಷ ಆ ಗಿರಾಕಿ ಮತ್ತೆ ಬಂದಾಗ ಹಿಂದೆ ಏನು ಮಾತಾಡಿದ್ದೆವು ಅಂತ ಹೇಳುವುದು ಅದೊಂದೇ. ಸೇಲ್ಸ್‌ಫೋರ್ಸ್ ಬಳಸುವವರು ಇನ್ನೊಂದು ನೆನಪಿಡಿ: ಮುಗಿದ ಟಾಸ್ಕ್‌ನ ಡ್ಯೂ ಡೇಟ್ ಕಳೆದು 365 ದಿನ ಆದರೆ ಅದು ಆರ್ಕೈವ್‌ಗೆ (ಹಳೆಯದನ್ನು ಎತ್ತಿಡುವ ಜಾಗಕ್ಕೆ) ಹೋಗುತ್ತದೆ, ಮಾಮೂಲಿ ರಿಪೋರ್ಟ್‌ಗಳಲ್ಲಿ ಕಾಣುವುದಿಲ್ಲ. ತಿದ್ದುವ ಕಾಗುಣಿತ ಇದ್ದರೆ ಅದಕ್ಕೂ ಮೊದಲೇ ತಿದ್ದಿ. ನಾವು ಪ್ರತಿ ವರ್ಷ ಕೊಯ್ಲು ಶುರುವಾಗುವ ಮೊದಲು, ಅಕ್ಟೋಬರ್‌ನಲ್ಲಿ, ಒಂದು ಮಧ್ಯಾಹ್ನ ಎಲ್ಲರೂ ಕೂತು ಈ ಕೆಲಸ ಮುಗಿಸುತ್ತೇವೆ.